ಸ್ಟುವರ್ಟ್ ಬಿನ್ನಿಯ ಆಟಕ್ಕೆ ಯಾವ ಅಳತೆ?

ಓದುಗರ ಪ್ರಶ್ನೆ – ಕ್ರೀಡೆ

ಭಾರತ ಮತ್ತು ಕರ್ನಾಟಕದ ಪರ ಕ್ರಿಕೆಟ್ ಆಡಿದ ರೋಜರ್ ಬಿನ್ನಿ ಮತ್ತು ಅವರ ಮಗ ಸ್ಟುವರ್ಟ್ ಬಿನ್ನಿಯ ಬಗ್ಗೆ ಬಂದಿರುವ ಪ್ರಶ್ನೆಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಂದಾಗಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ತಂದೆ ಆಯ್ಕೆ ಸಮಿತಿಯಲ್ಲಿದ್ದಾಗಲೇ ಮಗ ಭಾರತ ತಂಡಕ್ಕೆ ಬಂದರು. ಸ್ಟುವರ್ಟ್ ಬಿನ್ನಿ ಅಷ್ಟು ಪಂದ್ಯಗಳನ್ನಾಡಿದ್ದು ತಂದೆಯ ಪ್ರಭಾವದಿಂದಲ್ಲವೇ?

ಉತ್ತರ: ಅನುಮಾನ ಸಹಜವಾದದ್ದು. ರೋಜರ್ ಬಿನ್ನಿ 2012ರಲ್ಲಿ ದಕ್ಷಿಣ ವಲಯದ ಪ್ರತಿನಿಧಿಯಾಗಿ ರಾಷ್ಟ್ರೀಯ ಆಯ್ಕೆ ಸಮಿತಿಗೆ ಬಂದರು. ಸ್ಟುವರ್ಟ್ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದ್ದು 2014ರ ಜನವರಿ 28ರಂದು, ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್‌ನಲ್ಲಿ. ಮಗನ ಹೆಸರು ಚರ್ಚೆಗೆ ಬಂದಾಗ ತಾನು ಸಭೆಯಿಂದ ಎದ್ದು ಹೊರಗೆ ಹೋಗುತ್ತಿದ್ದುದಾಗಿ ರೋಜರ್ ಸಾರ್ವಜನಿಕವಾಗಿ ಹೇಳಿದ್ದರು. ಹೊರಗೆ ಹೋದ ಮಾತ್ರಕ್ಕೆ ಒಳಗಿದ್ದವರ ಸಂಕೋಚವೂ ಅವರ ಹಿಂದೆಯೇ ಹೊರಗೆ ಹೋಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಅದನ್ನು ತಪ್ಪೆನ್ನಲಾಗದು. ಆಯ್ಕೆಗಾರರ ಮಕ್ಕಳು ಆಡುತ್ತಿರುವಾಗ ಆಯ್ಕೆಗಾರರು ಆ ಕುರ್ಚಿಯಲ್ಲಿ ಕೂರಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು. ಅದರಿಂದ ಮೊದಲು ಹಾನಿಯಾಗುವುದು ಆಡುವ ಮಗನಿಗೇ.

ಆದರೆ ಅನುಮಾನವನ್ನು ದಿನಾಂಕಗಳ ಎದುರಿಗಿಟ್ಟು ನೋಡುವುದು ಒಳ್ಳೆಯದು. 2015ರ ನವೆಂಬರ್‌ನಲ್ಲಿ ನಡೆದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ವಾರ್ಷಿಕ ಸಭೆಯಲ್ಲಿ ರೋಜರ್ ಅವರ ಸ್ಥಾನಕ್ಕೆ ಎಂ.ಎಸ್.ಕೆ. ಪ್ರಸಾದ್ ಬಂದರು. ಅದಾದ ಮೇಲೆ, 2016ರ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಆರಿಸಿದ 17 ಮಂದಿಯ ಟೆಸ್ಟ್ ತಂಡದಲ್ಲಿಯೂ ಸ್ಟುವರ್ಟ್ ಹೆಸರಿತ್ತು. ತಂದೆಯ ಕೈ ಮಾತ್ರವೇ ಮಗನನ್ನು ಎತ್ತಿ ಹಿಡಿದಿದ್ದರೆ, ಆ ಕೈ ಸರಿದ ಮರುವರ್ಷವೇ ಅವರು ತಂಡದಿಂದ ಉರುಳಬೇಕಿತ್ತು. ಉರುಳಲಿಲ್ಲ, ಏಕೆಂದರೆ ಆಯ್ಕೆಯ ನಿಜವಾದ ಕಾರಣ ಬೇರೆಯದಾಗಿತ್ತು.

ಕಪಿಲ್ ದೇವ್ ಅವರ ನಂತರ ಭಾರತಕ್ಕೆ ಬ್ಯಾಟಿಂಗ್ ಬಲ್ಲ ವೇಗದ ಅಥವಾ ಮಧ್ಯಮ ವೇಗದ ಬೌಲರ್‌ನ ಬರ ಇದ್ದೇ ಇತ್ತು. ಸ್ಪಿನ್ ಎಸೆಯುತ್ತ ಬ್ಯಾಟ್ ಬೀಸುವವರು ನಮ್ಮಲ್ಲಿ ಎಂದೂ ಕಡಿಮೆಯಾಗಿರಲಿಲ್ಲ. ಆದರೆ ಇಂಗ್ಲೆಂಡ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಗೆ ಹೋದಾಗ ಹೊಸ ಚೆಂಡು ಹಳತಾದ ಮೇಲೆ ಹತ್ತು-ಹನ್ನೆರಡು ಓವರ್‌ಗಳನ್ನು ಸೀಮ್ ಮೇಲೆ ಹಾಕಿ, ನಂತರ ಏಳನೆಯ ಅಥವಾ ಎಂಟನೆಯವರಾಗಿ ಬಂದು ನಿಂತು ಆಡಬಲ್ಲವರನ್ನು ಹುಡುಕುವುದೇ ಕಷ್ಟವಾಗುತ್ತಿತ್ತು. ಇರ್ಫಾನ್ ಪಠಾಣ್ ಗಾಯಗಳಿಂದ ಹಿಂದೆ ಸರಿದಿದ್ದರು, ಹಾರ್ದಿಕ್ ಪಾಂಡ್ಯ ಇನ್ನೂ ಬಂದಿರಲಿಲ್ಲ. 2014 ಮತ್ತು 2015ರ ನಡುವಿನ ಆ ಖಾಲಿ ಜಾಗದಲ್ಲಿ, ದೇಶೀಯ ಕ್ರಿಕೆಟ್ಟಿನಲ್ಲಿ ಎರಡೂ ಕೆಲಸವನ್ನು ಮಾಡುತ್ತಿದ್ದ ಕೆಲವೇ ಮಂದಿಯಲ್ಲಿ ಸ್ಟುವರ್ಟ್ ಒಬ್ಬರು. ಅವರು ಆ ಜಾಗವನ್ನು ಪೂರ್ತಿ ತುಂಬಿದರೆಂದು ನಾನು ಹೇಳಲಾರೆ. ಆದರೆ ಆ ಜಾಗವಿತ್ತು ಮತ್ತು ಅದಕ್ಕೆ ಅರ್ಹರಾದವರ ಸಾಲು ಬಹಳ ಚಿಕ್ಕದಿತ್ತು.

ತಂದೆಯ ಪದವಿಯಿಂದ ಮಗನಿಗೆ ಮುಜುಗರವಾಗುವುದು ನಮ್ಮಲ್ಲಿ ಮಾತ್ರ ಇರುವ ಸಂಗತಿಯಲ್ಲ. 1990ರಲ್ಲಿ ಅಲೆಕ್ ಸ್ಟುವರ್ಟ್ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿದಾಗ ಅವರ ತಂದೆ ಮಿಕಿ ಸ್ಟುವರ್ಟ್ ಅದೇ ತಂಡದ ವ್ಯವಸ್ಥಾಪಕರಾಗಿದ್ದರು. ಮಗ ನೂರಕ್ಕೂ ಹೆಚ್ಚು ಟೆಸ್ಟ್ ಆಡಿದ ಮೇಲೆ ಆ ಮಾತು ತಾನೇ ನಿಂತುಹೋಯಿತು. 2020ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪಾಕಿಸ್ತಾನದ ಎದುರಿನ ಟೆಸ್ಟಿಗೆ ಕ್ರಿಸ್ ಬ್ರಾಡ್ ಪಂದ್ಯದ ರೆಫರಿಯಾಗಿದ್ದು, ಅನುಚಿತ ಭಾಷೆಗಾಗಿ ಸ್ವಂತ ಮಗ ಸ್ಟುವರ್ಟ್ ಬ್ರಾಡ್‌ಗೆ ಪಂದ್ಯದ ಸಂಭಾವನೆಯ ಶೇ 15ರಷ್ಟು ದಂಡ ಹಾಕಿದರು. ದಂಡ ಹಾಕಿದ್ದರಿಂದ ಅನುಮಾನ ಬರಲಿಲ್ಲ. ಆದರೆ ತಂದೆಯನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯ ಬಗ್ಗೆ ಮಾತು ಉಳಿಯುತ್ತದೆ.

ಪ್ರಶ್ನೆ: 4 ರನ್‌ಗೆ 6 ವಿಕೆಟ್ ಎಂಬ ಸ್ಟುವರ್ಟ್ ಬಿನ್ನಿಯ ದಾಖಲೆ ಈಗಲೂ ಭಾರತದ ಅತ್ಯುತ್ತಮ ಏಕದಿನ ಬೌಲಿಂಗ್ ಆಗಿಯೇ ಉಳಿದಿದೆಯೇ? ಬಾಂಗ್ಲಾದೇಶದ ವಿರುದ್ಧ ಬಂದದ್ದಾದ್ದರಿಂದ ಅದಕ್ಕೆ ಹೆಚ್ಚು ಬೆಲೆ ಕೊಡಬೇಕೆ?

ಉತ್ತರ: ಈಗ ಉಳಿದಿಲ್ಲ. 2023ರ ನವೆಂಬರ್ 15ರಂದು ಮುಂಬೈನ ವಾಂಖೆಡೆಯಲ್ಲಿ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಮೊಹಮ್ಮದ್ ಶಮಿ ನ್ಯೂಜಿಲೆಂಡ್ ವಿರುದ್ಧ 57 ರನ್‌ಗೆ 7 ವಿಕೆಟ್ ಪಡೆದು ಅದನ್ನು ಹಿಂದಿಕ್ಕಿದರು. ಅಲ್ಲಿಯವರೆಗೆ, ಒಂಬತ್ತು ವರ್ಷಗಳಿಗೂ ಮಿಕ್ಕಿ, ಸ್ಟುವರ್ಟ್ ಅವರ ಅಂಕಿಯೇ ಮೊದಲ ಸ್ಥಾನದಲ್ಲಿತ್ತು. ಅದಕ್ಕೂ ಮುಂಚೆ ಆ ಸ್ಥಾನ ಅನಿಲ್ ಕುಂಬ್ಳೆ ಅವರದು: 1993ರ ಹೀರೊ ಕಪ್ ಫೈನಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್‌ಗೆ 6 ವಿಕೆಟ್. ಅಂದರೆ ಮೂವತ್ತು ವರ್ಷಗಳ ಕಾಲ ಈ ದಾಖಲೆ ಕರ್ನಾಟಕದ ಆಟಗಾರರ ಕೈಯಲ್ಲೇ ಇತ್ತು.

2014ರ ಜೂನ್ 17ರ ಮೀರ್‌ಪುರದ ಆ ಪಂದ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಕಿಯೊಂದನ್ನೇ ನೋಡಿದರೆ ಪಂದ್ಯ ಏಕಪಕ್ಷೀಯವಾಗಿತ್ತೆಂದು ಅನ್ನಿಸುತ್ತದೆ. ಸುರೇಶ್ ರೈನಾ ನಾಯಕತ್ವದಲ್ಲಿ ಹಿರಿಯರಿಲ್ಲದೆ ಹೋಗಿದ್ದ ಭಾರತ ಮೊದಲು ಬ್ಯಾಟ್ ಮಾಡಿ ಕೇವಲ 105 ರನ್‌ಗೆ ಆಲೌಟ್ ಆಗಿತ್ತು. ಅಂದೇ ಏಕದಿನ ಕ್ರಿಕೆಟ್ಟಿಗೆ ಕಾಲಿಟ್ಟಿದ್ದ ತಸ್ಕಿನ್ ಅಹ್ಮದ್ 28 ರನ್‌ಗೆ 5 ವಿಕೆಟ್ ಕಿತ್ತಿದ್ದರು. ಸೋಲು ಖಚಿತವೆನ್ನಿಸುವ ಆ ಸ್ಥಿತಿಯಿಂದ ಭಾರತ ಎದುರಾಳಿಯನ್ನು 58ಕ್ಕೆ ಉರುಳಿಸಿ 47 ರನ್‌ಗಳಿಂದ ಗೆದ್ದಿತು. ಸ್ಟುವರ್ಟ್ ಎಸೆದದ್ದು ಐದು ಓವರ್‌ಗಿಂತಲೂ ಕಡಿಮೆ, ಅವುಗಳಲ್ಲಿ ಎರಡು ಮೇಡನ್. ಉಳಿದ ನಾಲ್ಕು ವಿಕೆಟ್ ಮೋಹಿತ್ ಶರ್ಮಾ ಪಾಲಾದವು. ಮೋಡ ಕವಿದ ಹವೆ, ಮಳೆಯಿಂದ ತೇವಗೊಂಡ ಪಿಚ್, ಅದರಲ್ಲಿ ಚೆಂಡನ್ನು ಬ್ಯಾಟ್ಸ್‌ಮನ್‌ಗೆ ಹತ್ತಿರ ಪುಟಿಯುವಂತೆ ಹಾಕಿ ಅದು ತಾನೇ ಓಡಾಡಲು ಬಿಡುವ ಬೌಲರ್ – ಇಂಥ ಜೋಡಣೆ ಒಬ್ಬ ಮಧ್ಯಮ ವೇಗಿಯ ಬದುಕಿನಲ್ಲಿ ಪದೇಪದೇ ಬರುವುದಿಲ್ಲ. ಎದುರಾಳಿ ಯಾರೆಂಬುದಕ್ಕಿಂತ, 105 ರನ್ ಕಾಯಬೇಕಾದ ಹೊತ್ತಿನಲ್ಲಿ ಆ ವಿಕೆಟ್‌ಗಳು ಬಂದವೆಂಬುದನ್ನು ನಾನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ಮೊದಲ ಟೆಸ್ಟ್‌ನಲ್ಲೇ 78 ರನ್ ಹೊಡೆದವರಿಗೆ ಆರೇ ಟೆಸ್ಟ್ ಸಿಕ್ಕಿದ್ದೇಕೆ?

ಉತ್ತರ: 2014ರ ಜುಲೈನಲ್ಲಿ ನಾಟಿಂಗ್‌ಹ್ಯಾಮ್‌ನ ಟ್ರೆಂಟ್‌ಬ್ರಿಜ್‌ನಲ್ಲಿ ಎರಡನೆಯ ಇನಿಂಗ್ಸ್‌ನಲ್ಲಿ ಅವರು ಗಳಿಸಿದ 78 ರನ್ ಭಾರತಕ್ಕೆ ಡ್ರಾ ಖಚಿತಪಡಿಸಿತು. ಆದರೆ ಅವರನ್ನು ಆಲ್‌ರೌಂಡರ್ ಎಂದು ಆಡಿಸಿದ್ದ ತಂಡ ಅವರಿಗೆ ಬೌಲಿಂಗ್ ಕೊಟ್ಟದ್ದು ಬಹಳ ಕಡಿಮೆ. ಮುಂದಿನ ಲಾರ್ಡ್ಸ್ ಟೆಸ್ಟ್‌ನಲ್ಲಿ, ಇಶಾಂತ್ ಶರ್ಮಾ 7 ವಿಕೆಟ್ ಪಡೆದು ಗೆಲ್ಲಿಸಿಕೊಟ್ಟ ಆ ಪಂದ್ಯದಲ್ಲಿ, ಅವರು ತಂಡದಲ್ಲಿದ್ದರೂ ಪಾತ್ರ ಸಣ್ಣದಾಗಿತ್ತು. ಅಲ್ಲಿಂದ ಎರಡು ಟೆಸ್ಟ್ ಹೊರಗೆ ಕುಳಿತು ಓವಲ್‌ಗೆ ಮರಳಿದರು. ಆ ಪಂದ್ಯವನ್ನು ಭಾರತ ಹೀನಾಯವಾಗಿ ಸೋತಿತು.

ಮುಂದಿನ ಅವಕಾಶ ಬಂದದ್ದು ಒಂದು ವರ್ಷದ ಬಳಿಕ. 2015ರಲ್ಲಿ ಗಾಲೆಯಲ್ಲಿ ಶ್ರೀಲಂಕಾಕ್ಕೆ ಸೋತ ಮೇಲೆ, ಐವರು ಬೌಲರ್‌ಗಳನ್ನು ಆಡಿಸುವ ಹಂಬಲವಿದ್ದ ನಾಯಕ ವಿರಾಟ್ ಕೊಹ್ಲಿಯ ತಂಡಕ್ಕೆ ಅವರನ್ನು ಸರಣಿಯ ನಡುವೆ ಸೇರಿಸಲಾಯಿತು. ಕೊಲಂಬೊದ ಎರಡೂ ಟೆಸ್ಟ್‌ಗಳಲ್ಲಿ ಅವರು ಆಡಿದರು. ಎರಡನ್ನೂ ಗೆದ್ದ ಭಾರತ ಸರಣಿಯನ್ನು 2–1ರಿಂದ ತನ್ನದಾಗಿಸಿಕೊಂಡಿತು. ಆರನೆಯದು ಮತ್ತು ಕೊನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ. ಎ.ಬಿ. ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್ ಎಂದು ಊರೆಲ್ಲ ಸಂಭ್ರಮಿಸಿದ್ದ ಆ ಪಂದ್ಯ ಮೊದಲ ದಿನದ ಆಟಕ್ಕಷ್ಟೇ ಸೀಮಿತವಾಗಿ ಉಳಿದದ್ದೆಲ್ಲ ಮಳೆಯಲ್ಲಿ ಕೊಚ್ಚಿಹೋಯಿತು. ತವರಿನ ಏಕೈಕ ಟೆಸ್ಟ್‌ನಲ್ಲಿ ಅವರಿಗೆ ಬ್ಯಾಟ್ ಹಿಡಿಯುವ ಸರದಿಯೇ ಬರಲಿಲ್ಲ. (ರೋಜರ್ ಅವರ ಮೊದಲ ಟೆಸ್ಟ್ 1979ರಲ್ಲಿ, ಕೊನೆಯ ಟೆಸ್ಟ್ 1987ರಲ್ಲಿ, ಎರಡೂ ಪಾಕಿಸ್ತಾನದ ವಿರುದ್ಧ ಇದೇ ಮೈದಾನದಲ್ಲೇ ನಡೆದವು.)

ಒಟ್ಟು 194 ರನ್, 3 ವಿಕೆಟ್. ಟೆಸ್ಟ್ ಆಲ್‌ರೌಂಡರ್‌ಗೆ ಈ ಲೆಕ್ಕ ಸಾಲದು, ಇದರಲ್ಲಿ ಎರಡು ಮಾತಿಲ್ಲ. ಅವರ ವೇಗ ಸಾಲುತ್ತಿರಲಿಲ್ಲ. ಚೆಂಡು ಗಾಳಿಯಲ್ಲಿ ತಿರುಗದ ದಿನ ಅಂತರರಾಷ್ಟ್ರೀಯ ಬ್ಯಾಟ್ಸ್‌ಮನ್‌ಗಳನ್ನು ಕಾಡುವ ಬೇರೆ ಅಸ್ತ್ರ ಅವರಲ್ಲಿ ಇರಲಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಒಂದೇ ಓವರ್‌ನಲ್ಲಿ 32 ರನ್ ಕೊಟ್ಟದ್ದರಿಂದಲೇ ಅವರ ಕ್ರೀಡಾಜೀವನ ಮುಗಿಯಿತೇ?

ಉತ್ತರ: ಅಂತರರಾಷ್ಟ್ರೀಯ ಜೀವನದ ಮಟ್ಟಿಗೆ ಹೌದು. 2016ರ ಆಗಸ್ಟ್ 27ರಂದು ಫ್ಲಾರಿಡಾದ ಲಾಡರ್‌ಹಿಲ್‌ನಲ್ಲಿ ಸ್ಟುವರ್ಟ್ ಎಸೆದ ಓವರಿನಲ್ಲಿ ವೆಸ್ಟ್ ಇಂಡೀಸ್‌ನ ಎವಿನ್ ಲೂಯಿಸ್ ಐದು ಸಿಕ್ಸರ್ ಎತ್ತಿದರು. ಅಂದು ವೆಸ್ಟ್ ಇಂಡೀಸ್ 245 ಗಳಿಸಿತು, ಕೆ.ಎಲ್. ರಾಹುಲ್ ಅಜೇಯ 110 ಹೊಡೆದರೂ ಭಾರತ 244ಕ್ಕೆ ನಿಂತು ಒಂದೇ ರನ್ನಿನಿಂದ ಸೋತಿತು. ಸೋಲಿನ ಅಂತರ ಅಷ್ಟು ಚಿಕ್ಕದಾಗಿದ್ದುದರಿಂದ ಆ ಒಂದು ಓವರ್ ಮತ್ತಷ್ಟು ದೊಡ್ಡದಾಗಿ ಕಂಡಿತು. ಮರುದಿನದ ಪಂದ್ಯದಿಂದ ಅವರನ್ನು ಕೈಬಿಡಲಾಯಿತು, ಮತ್ತೆ ಕರೆ ಬರಲಿಲ್ಲ. ಆದರೆ ಆ ಹೊತ್ತಿಗಾಗಲೇ ಹಾರ್ದಿಕ್ ಪಾಂಡ್ಯ ಟಿ20 ತಂಡದಲ್ಲಿ ನೆಲೆಯೂರಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಏಕದಿನ ತಂಡಕ್ಕೂ ಬಂದರು. ಹೆಚ್ಚು ವೇಗ, ಹೆಚ್ಚು ಬಲ, ಒಂಬತ್ತು ವರ್ಷ ಕಿರಿಯ ವಯಸ್ಸು. ಆ ಓವರ್ ಇಲ್ಲದಿದ್ದರೂ ಕಥೆ ಬಹಳ ಮುಂದಕ್ಕೆ ಹೋಗುತ್ತಿರಲಿಲ್ಲ.

ಪ್ರಶ್ನೆ: ಸ್ಟುವರ್ಟ್ ಭಾರತ ತಂಡಕ್ಕೆ ಬರುವಾಗ ಅವರ ವಯಸ್ಸು 29 ದಾಟಿತ್ತು. ದೊಡ್ಡ ಆಟಗಾರನ ಮಗನಿಗೆ ಇಷ್ಟು ತಡವಾದದ್ದೇಕೆ?

ಉತ್ತರ: ಹೆಸರಿನ ಬಲದಿಂದ ಬಂದವರು ಎನ್ನುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲವಾದ್ದರಿಂದ, ಕಳುಹಿಸಿದ ಓದುಗರಿಗೆ ಕೃತಜ್ಞತೆ. ಸ್ಟುವರ್ಟ್ ಹುಟ್ಟಿದ್ದು 1984ರ ಜೂನ್ 3ರಂದು. ಕರ್ನಾಟಕದ ಪರ ಪ್ರಥಮ ದರ್ಜೆ ಕ್ರಿಕೆಟ್ಟಿಗೆ ಬಂದದ್ದು 2003–04ರಲ್ಲಿ. ಮೊದಲ ಕೆಲವು ಋತುಗಳಲ್ಲಿ ಅವರು ತಂಡದ ಒಳಗೂ ಹೊರಗೂ ಓಡಾಡಿದರು. 2007ರಲ್ಲಿ, ಆಗ ಹೊಸದಾಗಿ ಶುರುವಾದ ಇಂಡಿಯನ್ ಕ್ರಿಕೆಟ್ ಲೀಗ್ ಸೇರಿದರು. ಅದು ಮಂಡಳಿಯ ಮಾನ್ಯತೆಯಿಲ್ಲದ ಖಾಸಗಿ ಲೀಗ್. ಅಲ್ಲಿಗೆ ಹೋದವರಿಗೆ ರಣಜಿ ಸೇರಿದಂತೆ ಮಂಡಳಿಯ ಎಲ್ಲ ಟೂರ್ನಿಗಳ ಬಾಗಿಲು ಮುಚ್ಚಿತು. 2009ರಲ್ಲಿ ಮಂಡಳಿ ಕ್ಷಮಾದಾನ ನೀಡಿದ ಮೇಲಷ್ಟೇ ಅವರು ಕರ್ನಾಟಕಕ್ಕೆ ಮರಳಿದರು.

ಯೋಚಿಸಿ ನೋಡಿ: ತಂಡದಲ್ಲಿ ಸ್ಥಾನ ಖಾತ್ರಿಯಿದ್ದವನು, ಮನೆಯ ಹೆಸರೇ ತನ್ನನ್ನು ಮೇಲಕ್ಕೆ ಒಯ್ಯುತ್ತದೆಂದು ನಂಬಿದವನು, ಮಂಡಳಿಯ ಮುನಿಸು ಕಟ್ಟಿಕೊಂಡು ಬಂಡಾಯದ ಲೀಗಿಗೆ ಹೋಗುತ್ತಾನೆಯೇ? ಇಪ್ಪತ್ಮೂರರಿಂದ ಇಪ್ಪತ್ತೈದರ ವಯಸ್ಸು ಆಲ್‌ರೌಂಡರ್ ಒಬ್ಬ ಮೈಕಟ್ಟು ಮತ್ತು ಕಸುಬು ಎರಡನ್ನೂ ಗಟ್ಟಿಮಾಡಿಕೊಳ್ಳುವ ಕಾಲ. ಆ ಕಾಲದಲ್ಲಿ ನಾಲ್ಕು ದಿನಗಳ ಪಂದ್ಯಗಳಿಂದ ದೂರ ಉಳಿದದ್ದರ ಬೆಲೆಯನ್ನು ಅವರು ತೆತ್ತರು. ಅದೇ ಲೀಗ್‌ನಿಂದ ಮರಳಿದ ಇನ್ನೊಬ್ಬರು ಅಂಬಟಿ ರಾಯುಡು. 2015ರ ಜುಲೈನಲ್ಲಿ ಹರಾರೆಯಲ್ಲಿ ಜಿಂಬಾಬ್ವೆ ಎದುರು ಭಾರತ 87ಕ್ಕೆ 5 ವಿಕೆಟ್ ಕಳೆದುಕೊಂಡಿದ್ದಾಗ ಇವರಿಬ್ಬರೇ 160 ರನ್‌ಗಳ ಜೊತೆಯಾಟ ಕಟ್ಟಿದರು. ರಾಯುಡು ಅಜೇಯ 124, ಸ್ಟುವರ್ಟ್ 77. ಭಾರತ ನಾಲ್ಕು ರನ್‌ಗಳಿಂದ ಗೆದ್ದಿತು. ಏಕದಿನದಲ್ಲಿ ಅವರ ಅತ್ಯಧಿಕ ಮೊತ್ತ ಅದೇ.

ಪ್ರಶ್ನೆ: ಕರ್ನಾಟಕಕ್ಕೆ ತಂದೆ ದೊಡ್ಡವರೋ ಮಗ ದೊಡ್ಡವರೋ?

ಉತ್ತರ: ತಂದೆ. ಇದಕ್ಕೆ ಹೆಚ್ಚು ಯೋಚನೆ ಬೇಕಿಲ್ಲ. 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ಎದುರು ಸಂಜಯ್ ದೇಸಾಯಿ ಅವರೊಂದಿಗೆ ರೋಜರ್ ಕಟ್ಟಿದ ಮುರಿಯದ ಆರಂಭಿಕ ಜೊತೆಯಾಟ 451 ರನ್‌ಗಳದು. ದೇಸಾಯಿ 218, ಬಿನ್ನಿ 211, ವಿಕೆಟ್ ಬೀಳದೆಯೇ ಡಿಕ್ಲೇರ್. ಆ ಋತುವಿನಲ್ಲಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಭಾರತದ ಪರ 27 ಟೆಸ್ಟ್, 72 ಏಕದಿನ ಪಂದ್ಯಗಳು. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್, ಇಡೀ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು. ಚೆಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯಾವನ್ನು 129ಕ್ಕೆ ಕಟ್ಟಿಹಾಕಿದ ದಿನ 29 ರನ್‌ಗೆ 4. 1985ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ತಂಡದಲ್ಲೂ ಅವರಿದ್ದರು. ಮರುವರ್ಷ ಹೆಡಿಂಗ್ಲಿಯಲ್ಲಿ ಇಂಗ್ಲೆಂಡ್ ಅನ್ನು 102ಕ್ಕೆ ಉರುಳಿಸಿದ 40ಕ್ಕೆ 5, ಅದರ ಮುಂದಿನ ವರ್ಷ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಎದುರು 56ಕ್ಕೆ 6. ಆಟ ಬಿಟ್ಟ ಮೇಲೆ 2000ದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದ ತಂಡದ ತರಬೇತುದಾರ, ಮುಂದೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, 2022ರಲ್ಲಿ ಮಂಡಳಿಯ ಅಧ್ಯಕ್ಷ.

ಹೀಗೆಂದ ಮಾತ್ರಕ್ಕೆ ಮಗನ ಕೆಲಸವನ್ನು ಹಗುರವಾಗಿ ನೋಡಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಸ್ಟುವರ್ಟ್ ಬಿನ್ನಿಯನ್ನು ಅಳೆಯಬೇಕಾದ ಜಾಗ ಮೀರ್‌ಪುರವೂ ಅಲ್ಲ, ಲಾಡರ್‌ಹಿಲ್ಲೂ ಅಲ್ಲ. ರಣಜಿ ಪಂದ್ಯಗಳ ಆರನೆಯ ಕ್ರಮಾಂಕ ಮತ್ತು ನಾಲ್ಕನೆಯ ಬೌಲರ್‌ನ ಸರದಿ. 95 ಪ್ರಥಮ ದರ್ಜೆ ಪಂದ್ಯಗಳಲ್ಲಿ 4,796 ರನ್ ಮತ್ತು 148 ವಿಕೆಟ್ ಎಂಬುದು ಒಂದು ತಂಡಕ್ಕೆ ಸಮತೂಕ ಕೊಡುವ ಆಟಗಾರನ ಲೆಕ್ಕ. ಅಂಥವರೊಬ್ಬರಿದ್ದರೆ ನಾಯಕನಿಗೆ ಒಬ್ಬ ಬ್ಯಾಟ್ಸ್‌ಮನ್‌ನನ್ನೂ ಬಿಡದೆ ಐದನೆಯ ಬೌಲರ್‌ನನ್ನು ಆಡಿಸಲು ಸಾಧ್ಯವಾಗುತ್ತದೆ. ವೇಗಿಗಳು ದಣಿದಾಗ ಒಂದು ತುದಿಯಲ್ಲಿ ರನ್ ತಡೆದು ನಿಲ್ಲುವವರು ಇದ್ದಾರೆಂಬ ಧೈರ್ಯವಿರುತ್ತದೆ. 1998–99ರ ನಂತರ ರಣಜಿ ಟ್ರೋಫಿ ಕಾಣದಿದ್ದ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ವರ್ಷ ರಣಜಿ, ಇರಾನಿ ಮತ್ತು ವಿಜಯ್ ಹಜಾರೆ ಮೂರೂ ದೇಶೀಯ ಪ್ರಶಸ್ತಿಗಳನ್ನು ಗೆದ್ದಿತಲ್ಲ, ಆ ತಂಡದ ಗಟ್ಟಿ ಕಂಬಗಳಲ್ಲಿ ಇವರೂ ಒಬ್ಬರು.

ಆದರೆ ಎರಡೂ ರಣಜಿ ಫೈನಲ್‌ಗಳಲ್ಲಿ ಅವರಿರಲಿಲ್ಲ. 2014ರ ಜನವರಿ 29ರಂದು ಹೈದರಾಬಾದಿನಲ್ಲಿ ಮಹಾರಾಷ್ಟ್ರದ ವಿರುದ್ಧ ಫೈನಲ್ ಆರಂಭವಾದಾಗ, ಹಿಂದಿನ ದಿನವಷ್ಟೇ ಹ್ಯಾಮಿಲ್ಟನ್‌ನಲ್ಲಿ ಭಾರತದ ಕ್ಯಾಪ್ ಧರಿಸಿದ್ದ ಅವರು ನ್ಯೂಜಿಲೆಂಡ್‌ನಲ್ಲಿದ್ದರು. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ಕರುಣ್ ನಾಯರ್ 328 ಹೊಡೆದ ಫೈನಲ್ ನಡೆಯುವಾಗ ಅವರು ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ನ ವಿಶ್ವಕಪ್ ತಂಡದಲ್ಲಿದ್ದರು. ಅದಕ್ಕೂ ಮುಂಚಿನ ತ್ರಿಕೋನ ಸರಣಿಯಲ್ಲಿ ಬ್ರಿಸ್ಬೇನ್‌ನಲ್ಲಿ ಭಾರತ 153ಕ್ಕೆ ಕುಸಿದಾಗ 44 ರನ್‌ಗಳೊಂದಿಗೆ ತಂಡದ ಗರಿಷ್ಠ ಮೊತ್ತ ಅವರದು. ಪರ್ತ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೂರು ವಿಕೆಟ್ ಪಡೆದಿದ್ದರು. ಆದರೂ ವಿಶ್ವಕಪ್‌ನಲ್ಲಿ ಒಂದೇ ಒಂದು ಪಂದ್ಯ ಆಡಲು ಸಿಗಲಿಲ್ಲ. ತಂದೆ ವಿಶ್ವಕಪ್‌ನಿಂದ 18 ವಿಕೆಟ್ ತಂದರು. ಮಗ ಒಂದೂ ಚೆಂಡು ಎಸೆಯದೆ, ಅತ್ತ ರಾಜ್ಯದ ಫೈನಲ್ಲೂ ಇಲ್ಲದೆ ಮರಳಿದರು. ರಾಜ್ಯಕ್ಕೆ ಅನಿವಾರ್ಯ, ದೇಶಕ್ಕೆ ಮೀಸಲು ಆಟಗಾರ – ಈ ಎರಡರ ನಡುವೆ ಸಿಕ್ಕಿಬಿದ್ದವರ ಪಾಡನ್ನು ನಮ್ಮ ಕ್ರೀಡಾಪುಟಗಳು ಬರೆದದ್ದು ಕಡಿಮೆ.

ಕೊನೆಯ ಋತುಗಳಲ್ಲಿ ಅವರು ನಾಗಾಲ್ಯಾಂಡ್ ಪರ ಆಡಿ, 2021ರ ಆಗಸ್ಟ್ 30ರಂದು ನಿವೃತ್ತಿ ಘೋಷಿಸಿದರು.

ಪ್ರಶ್ನೆ: ಆಟಗಾರರ ಮಕ್ಕಳು ತಂದೆಯ ಎತ್ತರಕ್ಕೆ ಏರುವುದೇ ಇಲ್ಲ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಗಾವಸ್ಕರ್ ಎಂಬ ಹೆಸರಿನ ಭಾರ ಇದಕ್ಕೆ ಹೆಚ್ಚಾಗಿ ಕಾರಣ. ಸುನಿಲ್ ಗಾವಸ್ಕರ್ ಅವರ ಮಗ ರೋಹನ್ ಭಾರತದ ಪರ 11 ಏಕದಿನ ಪಂದ್ಯಗಳಿಗೆ ನಿಂತದ್ದನ್ನು ಎಲ್ಲರೂ ನೆನಪಿಡುತ್ತಾರೆ. ಎಡಗೈ ಬ್ಯಾಟ್ಸ್‌ಮನ್ ಆಗಿ ಪ್ರಥಮ ದರ್ಜೆಯಲ್ಲಿ ಅವರು 7,000ಕ್ಕೆ ಹತ್ತಿರದಷ್ಟು ರನ್ ಮಾಡಿದ್ದನ್ನು ಬಂಗಾಳದವರಷ್ಟೇ ನೆನಪಿಡುತ್ತಾರೆ.

ಇನ್ನೊಂದು ಕಡೆಯ ಉದಾಹರಣೆಗಳು ಕಡಿಮೆಯೇನಲ್ಲ. ಯೋಗರಾಜ್ ಸಿಂಗ್ ಆಡಿದ್ದು ಒಂದು ಟೆಸ್ಟ್, ಮಗ ಯುವರಾಜ್ ಎರಡು ವಿಶ್ವಕಪ್‌ಗಳ ನಾಯಕನಟ. ಕ್ರಿಸ್ ಬ್ರಾಡ್ 25 ಟೆಸ್ಟ್ ಆಡಿದರೆ ಸ್ಟುವರ್ಟ್ ಬ್ರಾಡ್ 167 ಟೆಸ್ಟ್‌ಗಳಲ್ಲಿ 604 ವಿಕೆಟ್ ಪಡೆದರು. ನ್ಯೂಜಿಲೆಂಡ್‌ನ ನಾಯಕರಾಗಿದ್ದ ವಾಲ್ಟರ್ ಹ್ಯಾಡ್ಲಿ ಅವರ ಮಗ ರಿಚರ್ಡ್ ಟೆಸ್ಟ್ ಇತಿಹಾಸದಲ್ಲಿ 400 ವಿಕೆಟ್ ಮುಟ್ಟಿದ ಮೊದಲಿಗರು. ಲಾಲಾ ಅಮರನಾಥ್ 1933ರಲ್ಲಿ ಮುಂಬೈಯಲ್ಲಿ ಮೊದಲ ಟೆಸ್ಟ್‌ನಲ್ಲೇ ಶತಕ ಹೊಡೆದರು, ಅದು ಭಾರತದ ಮೊದಲ ಟೆಸ್ಟ್ ಶತಕವೂ ಹೌದು. ಮಗ ಸುರಿಂದರ್ 1976ರಲ್ಲಿ ಆಕ್ಲೆಂಡ್‌ನಲ್ಲಿ ತಮ್ಮ ಮೊದಲ ಟೆಸ್ಟ್‌ನಲ್ಲೇ ಅದನ್ನು ಮರುಕಳಿಸಿದರು. ಇನ್ನೊಬ್ಬ ಮಗ ಮೊಹಿಂದರ್ 1983ರ ವಿಶ್ವಕಪ್ ಫೈನಲ್‌ನ ಪಂದ್ಯಶ್ರೇಷ್ಠ. ಆಸ್ಟ್ರೇಲಿಯಾದ ಜೆಫ್ ಮಾರ್ಷ್ 1987ರಲ್ಲಿ, ಮಗ ಮಿಚೆಲ್ 2015ರಲ್ಲಿ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು.

ಈ ಲೆಕ್ಕವನ್ನೇ ನಾವು ತಪ್ಪಾಗಿ ಹಾಕುತ್ತೇವೆ ಎನ್ನುವುದು ನನ್ನ ಅನುಮಾನ. ಮಹಾನ್ ಆಟಗಾರರ ಮಕ್ಕಳಲ್ಲಿ ಸೋತವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಸಾಧಾರಣ ಆಟಗಾರರ ಮಕ್ಕಳು ಮೇಲೆ ಬಂದಾಗ ಅವರ ತಂದೆಯರ ಆಟವನ್ನು ಯಾರೂ ಜ್ಞಾಪಿಸಿಕೊಳ್ಳುವುದಿಲ್ಲ. ಜೊತೆಗೆ, ಇಂದಿನವರು ಆಡುವ ಪಂದ್ಯಗಳ ಸಂಖ್ಯೆಯೂ ಪ್ರಕಾರಗಳೂ ಬೇರೆಯಾಗಿರುವಾಗ ತಂದೆಯ ಟೆಸ್ಟ್‌ಗಳನ್ನು ಮಗನ ಟಿ20ಗಳ ಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ಭಾರತ ತಂಡದಲ್ಲಿ ಕಡಿಮೆ ಆಡಿದ ಇಂಥ ಆಟಗಾರರಿಗೆ ಕ್ರಿಕೆಟ್ಟಿನಿಂದ ಜೀವನ ನಡೆಯುತ್ತದೆಯೇ?

ಉತ್ತರ: ಐಪಿಎಲ್ ಇದ್ದವರಿಗೆ ನಡೆಯುತ್ತದೆ. ಸ್ಟುವರ್ಟ್ ಮುಂಬೈ ಇಂಡಿಯನ್ಸ್, ರಾಜಸ್ಥಾನ ರಾಯಲ್ಸ್, ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ಮೂರೂ ತಂಡಗಳಲ್ಲಿ ಆಡಿದವರು. 2016ರ ಹರಾಜಿನಲ್ಲಿ ಬೆಂಗಳೂರು ಅವರಿಗೆ 2 ಕೋಟಿ ರೂಪಾಯಿ ಕೊಟ್ಟಿತು, 2018ರಲ್ಲಿ ರಾಜಸ್ಥಾನ ಕೊಟ್ಟದ್ದು 50 ಲಕ್ಷ. ಎರಡೇ ವರ್ಷದಲ್ಲಿ ಬೆಲೆ ಕಾಲುಭಾಗಕ್ಕೆ ಇಳಿಯುವ ಸಂತೆ ಅದು. ಐಪಿಎಲ್ ಇಲ್ಲದೆ ರಣಜಿಯನ್ನೇ ನಂಬಿದವರಿಗೆ 2021ರವರೆಗೆ ದಿನಕ್ಕೆ 35,000 ರೂಪಾಯಿ ಸಂಭಾವನೆಯಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಂಡಳಿ ಅದನ್ನು ಅನುಭವಕ್ಕೆ ತಕ್ಕಂತೆ 40,000, 50,000, 60,000ಕ್ಕೆ ಏರಿಸಿತು. 40ಕ್ಕಿಂತ ಹೆಚ್ಚು ಪಂದ್ಯ ಆಡಿದವರಿಗೆ ಅತಿ ಹೆಚ್ಚಿನ ದರ. ವರ್ಷದಲ್ಲಿ ಆಡುವ ದಿನಗಳು ಕಡಿಮೆ, ಗಾಯವಾದರೆ ಅದೂ ಇಲ್ಲ ಎಂಬುದನ್ನು ಸೇರಿಸಿಕೊಂಡೇ ಈ ಮೊತ್ತವನ್ನು ನೋಡಬೇಕು.

ಪ್ರಶ್ನೆ: ನನ್ನ ಮಗ 14 ವರ್ಷದವನು, ಮಧ್ಯಮ ವೇಗದ ಬೌಲರ್. ನಮ್ಮ ಮನೆಯಲ್ಲಿ ಯಾರೂ ಆಟಗಾರರಿಲ್ಲ. ಆಟಗಾರರ ಮನೆಯ ಮಕ್ಕಳ ಎದುರು ಅವನಿಗೆ ಅವಕಾಶವಿದೆಯೇ?

ಉತ್ತರ: ಆಟಗಾರರ ಮನೆಯಲ್ಲಿ ಸಿಗುವುದು ಪ್ರತಿಭೆಯಲ್ಲ, ತಿಳಿವಳಿಕೆ. ಹದಿಮೂರರ ಹುಡುಗನಿಗೆ ಎಷ್ಟು ಓವರ್ ಎಸೆಯಲು ಬಿಡಬೇಕು, ಬೆನ್ನು ನೋವೆಂದಾಗ ಯಾವಾಗ ನಿಲ್ಲಿಸಬೇಕು, ಯಾವ ಲೀಗ್ ತಂಡದಲ್ಲಿ ಬರೀ ಹೆಸರಿಗಿರುವ ಬದಲು ಯಾವುದರಲ್ಲಿ ದಿನವೂ ಆಡಲು ಸಿಗುತ್ತದೆ, ಆಯ್ಕೆಯಾಗದ ದಿನ ಮನೆಯಲ್ಲಿ ಏನು ಮಾತಾಡಬಾರದು – ಇವನ್ನು ಆಡಿ ಬಂದ ತಂದೆ ಯಾರನ್ನೂ ಕೇಳಬೇಕಾಗಿಲ್ಲ. ನೀವು ಕೇಳಬೇಕು, ಅಷ್ಟೇ ವ್ಯತ್ಯಾಸ. ಬಾಗಿಲು ತಟ್ಟಿದೊಡನೆ ಒಳಗೆ ಬಿಡಿಸುವ ಪರಿಚಯವೂ ಅಲ್ಲಿರುತ್ತದೆ ಎಂಬುದನ್ನು ಮುಚ್ಚಿಡಬೇಕಿಲ್ಲ, ಆದರೆ ಅದು ಮೊದಲ ಒಂದೆರಡು ಮೆಟ್ಟಿಲಿಗೆ ಮಾತ್ರ. 16 ವರ್ಷದೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿ, 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ, 23 ವರ್ಷದೊಳಗಿನವರ ಸಿ.ಕೆ. ನಾಯುಡು ಟ್ರೋಫಿ ಎಂದು ಮೇಲೇರಿದಂತೆ ವಿಕೆಟ್ ಮತ್ತು ರನ್‌ಗಳ ಪಟ್ಟಿ ಎಲ್ಲರಿಗೂ ಕಾಣುವಂತಿರುತ್ತದೆ. ಅಲ್ಲಿ ಹೆಸರು ಒಬ್ಬರನ್ನು ಹೆಚ್ಚು ದೂರ ಒಯ್ಯಲಾರದು.

ನಿಮ್ಮ ಮಗ ಮಧ್ಯಮ ವೇಗಿ ಎಂದಿದ್ದೀರಾದ್ದರಿಂದ ಒಂದು ಸಂಗತಿ. ಸ್ಟುವರ್ಟ್ ಆಡಿದ ಆ ವಿಜಯಶಾಲಿ ಕರ್ನಾಟಕ ತಂಡದ ನಾಯಕ ಆರ್. ವಿನಯ್ ಕುಮಾರ್. ಹುಟ್ಟಿದ ವರ್ಷ ಅದೇ 1984, ಬೌಲಿಂಗ್ ಕೂಡ ಅದೇ ಮಧ್ಯಮ ವೇಗದ ಸ್ವಿಂಗ್. ಆದರೆ ಅವರು ದಾವಣಗೆರೆಯವರು, ತಂದೆ ಆಟೊರಿಕ್ಷಾ ಓಡಿಸುತ್ತಿದ್ದವರು. ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್ ಪಡೆದ ಅವರಿಗೆ ಭಾರತದ ಪರ ಸಿಕ್ಕಿದ್ದು ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ. ಟೆಸ್ಟ್ ಬಾಗಿಲಿನಲ್ಲಿ ಇಬ್ಬರಿಗೂ ಅಡ್ಡ ಬಂದದ್ದು ಮನೆತನವಲ್ಲ, ಚೆಂಡಿನ ವೇಗ. ಆದ್ದರಿಂದ ಮಗನ ಓಟ, ಕಾಲಿನ ಬಲ ಮತ್ತು ಎಸೆತದ ಕ್ರಮವನ್ನು ಬಲ್ಲ ತರಬೇತುದಾರರೊಬ್ಬರಿಗೆ ಈಗಲೇ ತೋರಿಸಿ. ಮೈ ಬೆಳೆಯುವ ಈ ಎರಡು-ಮೂರು ವರ್ಷಗಳಲ್ಲಿ ಓವರ್‌ಗಳ ಸಂಖ್ಯೆಯನ್ನು ಹಿಡಿತದಲ್ಲಿಡಿ, ಬ್ಯಾಟಿಂಗ್ ಅಭ್ಯಾಸವನ್ನು ಬಿಡಿಸಬೇಡಿ.